ಹೊಸ ಪ್ರೊಸೆಸರ್ ಹಾಕಿದ ಮೇಲೆ ಪರದೆ ಕಪ್ಪಾದರೆ...

ಸ್ವಿಚ್ ಒತ್ತಿದರೆ ಪೆಟ್ಟಿಗೆ ಆನ್ ಆಗುತ್ತದೆ. ಒಳಗಿನ ಫ್ಯಾನ್ ಗಿರ್ರನೆ ತಿರುಗುತ್ತದೆ. ಮಾನಿಟರ್ ಮಾತ್ರ ಸಿಗ್ನಲ್ ಇಲ್ಲ ಎಂದು ತೋರಿಸಿ ಕಪ್ಪಾಗಿಬಿಡುತ್ತದೆ. ಬೆಳಿಗ್ಗೆಯವರೆಗೆ ನಿಧಾನವಾಗಿಯಾದರೂ ಕೆಲಸ ಮಾಡುತ್ತಿದ್ದ ಕಂಪ್ಯೂಟರ್, ಹೊಸ ಪ್ರೊಸೆಸರ್ ಕೂರಿಸಿದ್ದೇ ತಡ ಸತ್ತಂತೆ ಕುಳಿತಿದೆ. ಮಗ ತಲೆ ಕೆರೆದುಕೊಳ್ಳುತ್ತಾನೆ. ತಂದೆ "ಸುಮ್ಮನಿದ್ದದ್ದನ್ನು ಯಾಕೆ ಬಿಚ್ಚಿದೆ?" ಎಂದು ಗದರುತ್ತಾರೆ. ತಾಯಿಯ ಚಿಂತೆಯೇ ಬೇರೆ. ಮಕ್ಕಳ ಹಳೆಯ ಫೋಟೋಗಳು, ಮಗಳ ಮದುವೆಯ ವೀಡಿಯೊ, ಹೊಲಿಗೆ ತರಗತಿಯ ಲೆಕ್ಕ ಎಲ್ಲವೂ ಆ ಪೆಟ್ಟಿಗೆಯೊಳಗೇ ಇವೆ.

ಮೊದಲು ಈ ಚಿಂತೆಯನ್ನು ದೂರ ಮಾಡೋಣ. ಫೋಟೋ, ವೀಡಿಯೊ, ಲೆಕ್ಕಪತ್ರಗಳು ಇರುವುದು ಹಾರ್ಡ್ ಡಿಸ್ಕ್‌ನಲ್ಲಿ ಅಥವಾ ಎಸ್‌ಎಸ್‌ಡಿಯಲ್ಲಿ. ಪ್ರೊಸೆಸರ್ ಬದಲಿಸಿದಾಗ ಅವು ಅಳಿದುಹೋಗುವುದಿಲ್ಲ. ನಾವು ರೂಢಿಯಲ್ಲಿ ಇಡೀ ಪೆಟ್ಟಿಗೆಯನ್ನೇ ಸಿಪಿಯು ಎನ್ನುತ್ತೇವೆ. ವಾಸ್ತವದಲ್ಲಿ ಸಿಪಿಯು ಅಂದರೆ ಪ್ರೊಸೆಸರ್ ಎಂಬುದು ಅದರೊಳಗಿನ ಮದರ್‌ಬೋರ್ಡ್‌ನ ಮೇಲೆ, ಕೂಲರ್ ಫ್ಯಾನ್‌ನ ಅಡಿಯಲ್ಲಿ ಅಡಗಿರುವ ಒಂದು ಪುಟ್ಟ ಚೌಕ. ಇಂಟೆಲ್‌ನ 6ನೇ ತಲೆಮಾರಿನ ಪ್ರೊಸೆಸರ್ ಉದ್ದ ಅಗಲ ಎರಡರಲ್ಲೂ ನಾಲ್ಕು ಸೆಂಟಿಮೀಟರ್ ಕೂಡಾ ಇಲ್ಲ. ಪರದೆ ಕಪ್ಪಾದಾಗ ಬಹುತೇಕ ಸಂದರ್ಭಗಳಲ್ಲಿ ಏನೂ ಸುಟ್ಟುಹೋಗಿರುವುದಿಲ್ಲ. ಎಲ್ಲೋ ಒಂದು ಕಡೆ ಹೊಂದಾಣಿಕೆ ತಪ್ಪಿರುತ್ತದೆ, ಅಷ್ಟೆ. ಅದು ಎಲ್ಲಿ ತಪ್ಪಿದೆ ಎಂದು ಕ್ರಮವಾಗಿ ಹುಡುಕುವ ಮೊದಲೇ "ಬೋರ್ಡ್ ಹೋಗಿದೆ, ಎಲ್ಲಾ ಬದಲಿಸಿ" ಎಂಬ ಮಾತನ್ನು ನಂಬಿ ಸಾವಿರಾರು ರೂಪಾಯಿ ಸುರಿಯುವುದು ನಮ್ಮ ಮನೆಗಳಲ್ಲಿ ನಡೆಯುತ್ತಲೇ ಇದೆ.

ಈಚೆಗೆ ಹಳೆಯ ಕಂಪ್ಯೂಟರ್‌ಗಳಿಗೆ ಪ್ರೊಸೆಸರ್ ಬದಲಿಸುವ ಹುಮ್ಮಸ್ಸು ಹೆಚ್ಚಿರುವುದಕ್ಕೆ ಒಂದು ಕಾರಣವಿದೆ. ಮೈಕ್ರೋಸಾಫ್ಟ್ ಕಂಪೆನಿಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. 2021ರಲ್ಲಿ ಬಂದ ವಿಂಡೋಸ್ 11 ಬೇಕೆಂದರೆ, ಇಂಟೆಲ್‌ನದಾದರೆ ಕೆಲವೇ ಅಪವಾದಗಳನ್ನು ಬಿಟ್ಟು 8ನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇರಬೇಕು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಇರಬೇಕು ಎಂಬ ಷರತ್ತಿದೆ. 2016-17ರ ಹೊತ್ತಿಗೆ ಕಂಪ್ಯೂಟರ್ ಕೊಂಡ ಮನೆಗಳಲ್ಲಿ ಇರುವುದು ಹೆಚ್ಚಾಗಿ 6 ಅಥವಾ 7ನೇ ತಲೆಮಾರು. ಸರಿ, ಒಂದು 8ನೇ ತಲೆಮಾರಿನ ಸೆಕೆಂಡ್ ಹ್ಯಾಂಡ್ ಪ್ರೊಸೆಸರ್ ತಂದು ಹಾಕಿದರಾಯಿತು ಎಂದು ಹುಡುಗರು ಲೆಕ್ಕ ಹಾಕುತ್ತಾರೆ. ಎಡವುವುದು ಇಲ್ಲಿಯೇ.

ಕೂತಿತು ಎಂದ ಮಾತ್ರಕ್ಕೆ ಕೂಡಿತು ಎಂದಲ್ಲ

ನನ್ನ ಸಹೋದ್ಯೋಗಿ ಅಧ್ಯಾಪಕಿಯೊಬ್ಬರ ಮನೆಯಲ್ಲಿ ನಡೆದದ್ದೂ ಇದೇ. ಅವರ ಮನೆಯ ಕಂಪ್ಯೂಟರ್‌ನಲ್ಲಿದ್ದುದು ಇಂಟೆಲ್ ಕೋರ್ ಐ3-6100 ಪ್ರೊಸೆಸರ್, ಎಚ್110 ಚಿಪ್‌ಸೆಟ್‌ನ ಮದರ್‌ಬೋರ್ಡ್. ಪದವಿ ಓದುತ್ತಿರುವ ಮಗ ಅಂಗಡಿಯೊಂದರಿಂದ ಕೋರ್ ಐ5-8400 ತಂದ. ಹಳೆಯದರಲ್ಲಿ ಎರಡು ಕೋರ್, ಇದರಲ್ಲಿ ಆರು. ಹಳೆಯ ಪ್ರೊಸೆಸರನ್ನು ಎಕ್ಸ್‌ಚೇಂಜ್ ಎಂದು ಅಂಗಡಿಯವರೇ ಇಟ್ಟುಕೊಂಡರು. ಮನೆಗೆ ಬಂದು ಕೂರಿಸಿದರೆ ಅಳತೆ ಸರಿಯಾಗಿದೆ, ಅಂಚಿನ ಎರಡು ಕಚ್ಚುಗಳೂ ಸರಿಯಾಗಿ ಕೂತಿವೆ, ಲಿವರ್ ಕೂಡಾ ಸಲೀಸಾಗಿ ಮುಚ್ಚಿಕೊಂಡಿದೆ. "ಉಮ್ಮಾ, ಎಲ್ಲಾ ಸರಿಯಾಗಿಯೇ ಕೂತಿದೆ, ಆದ್ರೂ ಡಿಸ್‌ಪ್ಲೇ ಬರ್ತಾ ಇಲ್ಲ" ಎಂದು ಹುಡುಗ ಮೂರು ಸಲ ಬಿಚ್ಚಿ ಮೂರು ಸಲ ಕೂರಿಸಿದ. ಮರುದಿನ ಅಂಗಡಿಗೆ ಒಯ್ದಾಗ ಸಿಕ್ಕಿದ ಉತ್ತರ, "ಮೇಡಂ, ನಿಮ್ಮ ಬೋರ್ಡ್ ಹೋಗಿದೆ."

ಬೋರ್ಡ್ ಹೋಗಿರಲಿಲ್ಲ. 2015ರಲ್ಲಿ ಬಂದ 6ನೇ ತಲೆಮಾರು, 2017ರ ಆರಂಭದಲ್ಲಿ ಬಂದ 7ನೇ ತಲೆಮಾರು ಮತ್ತು ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ 8ನೇ ತಲೆಮಾರು, ಈ ಮೂರೂ ಕೂರುವುದು ಎಲ್‌ಜಿಎ 1151 ಎಂಬ ಒಂದೇ ಹೆಸರಿನ ಸಾಕೆಟ್‌ನಲ್ಲಿ. ಸಾಕೆಟ್‌ನ 1151 ಸೂಕ್ಷ್ಮ ಪಿನ್ನುಗಳ ಸಂಖ್ಯೆಯೂ ಒಂದೇ. ಆದರೆ 8ನೇ ತಲೆಮಾರಿಗೆ ಬರುವಾಗ ಇಂಟೆಲ್ ಆ ಪಿನ್ನುಗಳ ಕೆಲಸವನ್ನು ಮರುಹಂಚಿಕೆ ಮಾಡಿತು. ಕೋರ್‌ಗಳು ಹೆಚ್ಚಾದಂತೆ ಹೆಚ್ಚು ವಿದ್ಯುತ್ ಬೇಕಾಗುವುದರಿಂದ ಮುಂಚೆ ಖಾಲಿ ಬಿಟ್ಟಿದ್ದ ಕೆಲವು ಪಿನ್ನುಗಳನ್ನು ವಿದ್ಯುತ್ತಿಗೆ ಬಳಸಿಕೊಂಡಿತು. ಕೋರ್‌ಗಳಿಗೆ ವಿದ್ಯುತ್ ಒದಗಿಸುವ ಪಿನ್ನುಗಳು 128ರಿಂದ 146ಕ್ಕೆ ಏರಿದವು. ಆದ್ದರಿಂದ 8 ಮತ್ತು 9ನೇ ತಲೆಮಾರಿಗೆ ಎಚ್310, ಬಿ360, ಝಡ್370ರಂತಹ 300 ಸರಣಿಯ ಬೋರ್ಡ್‌ಗಳೇ ಆಗಬೇಕು. ಎಚ್110, ಬಿ150, ಬಿ250ರಂತಹ 100 ಮತ್ತು 200 ಸರಣಿಯ ಬೋರ್ಡ್‌ಗಳಲ್ಲಿ ಅವು ಕೂರುತ್ತವೆ, ಆದರೆ ಕೆಲಸ ಮಾಡುವುದಿಲ್ಲ.

ಅಡುಗೆಮನೆಯಲ್ಲಿ ಇದನ್ನು ನಾವು ನೋಡಿಯೇ ಇದ್ದೇವೆ. ಒಂದು ಕಂಪೆನಿಯ ಮಿಕ್ಸಿಯ ಮೇಲೆ ಇನ್ನೊಂದು ಕಂಪೆನಿಯ ಜಾರ್ ಕೆಲವೊಮ್ಮೆ ಚೆನ್ನಾಗಿಯೇ ಕೂರುತ್ತದೆ. ಮೋಟಾರ್ ತಿರುಗುತ್ತದೆ, ಜಾರ್‌ನ ಬ್ಲೇಡ್ ಮಾತ್ರ ಅಲುಗಾಡುವುದಿಲ್ಲ. ಹಾಗೆಂದು ಮಿಕ್ಸಿ ಕೆಟ್ಟಿದೆ ಎನ್ನುತ್ತೇವೆಯೇ? ಬೋರ್ಡ್‌ನ ಬಯೋಸ್ ಎಂಬ ಮೂಲ ತಂತ್ರಾಂಶವನ್ನು ಮಾರ್ಪಡಿಸಿ, ಪ್ರೊಸೆಸರ್‌ನ ಕೆಲವು ಬಿಂದುಗಳಿಗೆ ಟೇಪ್ ಅಂಟಿಸಿ ಹಳೆಯ ಬೋರ್ಡ್‌ನಲ್ಲೂ 8ನೇ ತಲೆಮಾರನ್ನು ಓಡಿಸಿದ ಹವ್ಯಾಸಿಗಳು ಇದ್ದಾರೆ. ಅದು ಅವರ ಆಟ. ಮನೆಯ ಏಕೈಕ ಕಂಪ್ಯೂಟರ್ ಮೇಲೆ ಆಡುವ ಆಟವಲ್ಲ.

ಸಹೋದ್ಯೋಗಿಯ ಮನೆಯವರು ಮತ್ತೆ ಅಂಗಡಿಗೆ ಹೋಗಿ ತಮ್ಮ ಹಳೆಯ ಐ3 ಪ್ರೊಸೆಸರನ್ನು ಕೇಳಿ ಹಾಕಿಸಿದರು. ಒಂದೇ ನಿಮಿಷದಲ್ಲಿ ಪರದೆ ಬೆಳಗಿತು. ಹೋಗಿದೆ ಎಂದು ತೀರ್ಪು ಕೊಟ್ಟಿದ್ದ ಅದೇ ಬೋರ್ಡ್! ಹಾಗಾಗಿ, ಹೊಸದು ಸಂಪೂರ್ಣವಾಗಿ ಕೆಲಸ ಮಾಡಿ ಒಂದು ವಾರ ಕಳೆಯುವ ತನಕ ಹಳೆಯ ಪ್ರೊಸೆಸರನ್ನು ಯಾರಿಗೂ ಕೊಡಬೇಡಿ. ಬೋರ್ಡ್ ಕೆಟ್ಟಿದೆಯೋ ಹೊಸ ಪ್ರೊಸೆಸರ್ ಹೊಂದುತ್ತಿಲ್ಲವೋ ಎಂದು ತಿಳಿಯಲು ಮನೆಯಲ್ಲಿ ನಮ್ಮ ಕೈಯಲ್ಲಿರುವ ಅತ್ಯಂತ ಖಚಿತವಾದ ಪರೀಕ್ಷೆ ಅದೊಂದೇ. ಎಕ್ಸ್‌ಚೇಂಜ್‌ನಲ್ಲಿ ಸಿಗುವ ನಾಲ್ಕು ಕಾಸಿಗಾಗಿ ಆ ಸಾಕ್ಷಿಯನ್ನೇ ಕೈಬಿಡುವುದು ನನ್ನ ಪ್ರಕಾರ ಜಾಣತನವಲ್ಲ.

ಅದಕ್ಕೆ ಇನ್ನೊಂದು ಕಾರಣವೂ ಇದೆ. ಅದು ಬಯೋಸ್. ಬೋರ್ಡ್ ತಯಾರಾದ ಮೇಲೆ ಮಾರುಕಟ್ಟೆಗೆ ಬಂದ ಪ್ರೊಸೆಸರ್‌ನ ಗುರುತು ಬೋರ್ಡ್‌ಗೆ ಇರುವುದಿಲ್ಲ. 2016ರಲ್ಲಿ ಕೊಂಡ ಎಚ್110 ಬೋರ್ಡ್‌ಗೆ 7ನೇ ತಲೆಮಾರಿನ ಐ5-7500 ಹಾಕಿದರೂ ಇದೇ ಕಪ್ಪು ಪರದೆ ಬರಬಹುದು. ಆದರೆ ಇಲ್ಲಿ ಕಥೆ ಬೇರೆ. ಬೋರ್ಡ್ ಕಂಪೆನಿಯ ಹೊಸ ಬಯೋಸ್ ಹಾಕಿದರೆ ಅದೇ ಪ್ರೊಸೆಸರ್ ಕೆಲಸ ಮಾಡುತ್ತದೆ. ಬಯೋಸ್ ಹಾಕಬೇಕಾದರೆ ಕಂಪ್ಯೂಟರ್ ಆನ್ ಆಗಬೇಕು, ಆನ್ ಆಗಲು ಹಳೆಯ ಪ್ರೊಸೆಸರೇ ಬೇಕು. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯೋಸ್ ತುಂಬಿಸುವ ಸೌಲಭ್ಯ ಕೆಲವು ಬೋರ್ಡ್‌ಗಳಲ್ಲಿ ಇದೆಯಾದರೂ ಅಗ್ಗದ ಬೋರ್ಡ್‌ಗಳಲ್ಲಿ ಅದು ಅಪರೂಪ.

ಎಎಂಡಿ ಪ್ರೊಸೆಸರ್ ಇರುವ ಮನೆಗಳಿಗೂ ಈ ಮಾತು ಅನ್ವಯ. 2017ರ ಎ320, ಬಿ350 ಬೋರ್ಡ್‌ಗಳಿಗೆ ರೈಝನ್ 5000 ಸರಣಿಯ ಅಧಿಕೃತ ಬೆಂಬಲ ದೊರೆತದ್ದು 2022ರಲ್ಲಿ, ಅದೂ ಹೊಸ ಬಯೋಸ್ ಮೂಲಕ. ಬಯೋಸ್ ಚಿಪ್‌ನಲ್ಲಿ ಜಾಗ ಸಾಲದೆ ಕೆಲವು ಬೋರ್ಡ್‌ಗಳಲ್ಲಿ ಹೊಸದನ್ನು ಸೇರಿಸಲು ಹಳೆಯ ಪ್ರೊಸೆಸರ್‌ಗಳ ಬೆಂಬಲವನ್ನು ತೆಗೆದುಹಾಕಿದ್ದೂ ಉಂಟು.

ಇದೆಲ್ಲವನ್ನೂ ಹಣ ಕೊಡುವ ಮೊದಲೇ ತಿಳಿಯಲು ಸಾಧ್ಯ. ಮದರ್‌ಬೋರ್ಡ್‌ನ ಮೇಲೆ ಅದರ ಮಾದರಿಯ ಹೆಸರನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿರುತ್ತಾರೆ, ಮೂಲೆಯಲ್ಲೆಲ್ಲೋ ರಿವಿಷನ್ ಸಂಖ್ಯೆಯೂ ಇರುತ್ತದೆ. ಎರಡನ್ನೂ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಬೋರ್ಡ್ ತಯಾರಿಸಿದ ಕಂಪೆನಿಯ ವೆಬ್‌ಸೈಟ್‌ನಲ್ಲಿ ಆ ಮಾದರಿಯ ಪುಟ ತೆರೆದರೆ ಅದು ಸ್ವೀಕರಿಸುವ ಪ್ರೊಸೆಸರ್‌ಗಳ ಪಟ್ಟಿ ಸಿಗುತ್ತದೆ. ಪ್ರತಿಯೊಂದರ ಎದುರು ಯಾವ ಬಯೋಸ್ ಆವೃತ್ತಿಯಿಂದ ಎಂಬುದೂ ಇರುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಕೊಳ್ಳಬೇಡಿ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಎಷ್ಟೇ ಅಗ್ಗಕ್ಕೆ ಸಿಗಲಿ, ಗಲ್ಫ್‌ನಿಂದ ಬರುವ ಅಣ್ಣ ಉಚಿತವಾಗಿಯೇ ತಂದುಕೊಡಲಿ, ಬೇಡ.

ಬಯೋಸ್ ಬದಲಿಸುವಾಗ ವಿದ್ಯುತ್ ಹೋದರೆ ಬೋರ್ಡ್ ಮತ್ತೆ ಏಳದಿರುವ ಅಪಾಯವಿದೆ. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು. ಗಳಿಗೆಗೊಮ್ಮೆ ಕರೆಂಟ್ ಕಣ್ಣುಮುಚ್ಚಾಲೆ ಆಡುವ ನಮ್ಮ ಕರಾವಳಿಯ ಮಳೆಗಾಲದಲ್ಲಂತೂ ಇನ್ನಷ್ಟು ಎಚ್ಚರ ಅಗತ್ಯ.

ಪಟ್ಟಿಯಲ್ಲಿ ಇದ್ದರೂ ಕಪ್ಪು ಪರದೆಯೇ?

ಪ್ರೊಸೆಸರ್ ಪಟ್ಟಿಯಲ್ಲಿದೆ, ಬಯೋಸ್ ಕೂಡಾ ಹೊಸದು. ಆದರೂ ಪರದೆ ಬೆಳಗದಿದ್ದರೆ ಏನು ಮಾಡಬೇಕು? ಮೊದಲು ಸ್ವಲ್ಪ ಕಾಯಿರಿ. ಪ್ರೊಸೆಸರ್ ಬದಲಾದಾಗ ಬೋರ್ಡ್ ತಾನಾಗಿಯೇ ಒಂದೆರಡು ಸಲ ಆಫ್ ಆಗಿ ಆನ್ ಆಗುವುದುಂಟು. ಆತುರಪಟ್ಟು ಸ್ವಿಚ್ ತೆಗೆಯುವವರೇ ಹೆಚ್ಚು.

ಬಳಿಕ ಪ್ರೊಸೆಸರ್‌ನ ಹೆಸರನ್ನು ಕೊನೆಯ ಅಕ್ಷರದ ತನಕ ಓದಿ. ಇಂಟೆಲ್‌ನ ಹೆಸರು 'ಎಫ್' ಅಕ್ಷರದಲ್ಲಿ ಮುಗಿದರೆ, ಉದಾಹರಣೆಗೆ ಐ3-9100ಎಫ್, ಅದರಲ್ಲಿ ಚಿತ್ರ ಮೂಡಿಸುವ ಗ್ರಾಫಿಕ್ಸ್ ಭಾಗವೇ ಕೆಲಸ ಮಾಡುವುದಿಲ್ಲ. ಎಎಂಡಿಯಲ್ಲಿ ಇದಕ್ಕೆ ತಿರುವುಮುರುವು. ರೈಝನ್ 5 5600ರಲ್ಲಿ ಗ್ರಾಫಿಕ್ಸ್ ಇಲ್ಲ, 5600ಜಿಯಲ್ಲಿ ಇದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮನೆಯ ಕಂಪ್ಯೂಟರ್‌ಗೆ ಇಂತಹ ಪ್ರೊಸೆಸರ್ ಹಾಕಿದರೆ ಎಲ್ಲವೂ ಸರಿಯಾಗಿದ್ದರೂ ಪರದೆ ಕಪ್ಪೇ. ಇವು ತುಸು ಅಗ್ಗವಾದ್ದರಿಂದ ಮಾರುವವರು "ಅದೇ ಪ್ರೊಸೆಸರ್, ರೇಟು ಕಡಿಮೆ" ಎಂದು ಕೊಟ್ಟುಬಿಡುತ್ತಾರೆ. ಅದೇ ಪ್ರೊಸೆಸರ್ ಅಲ್ಲ ಎಂಬುದು ನೆನಪಿರಲಿ. ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಆದರೆ ಮಾನಿಟರ್‌ನ ಕೇಬಲನ್ನು ಕಾರ್ಡ್‌ಗೇ ಜೋಡಿಸಿದ್ದೀರಾ ನೋಡಿ.

ಮುಂದಿನ ಯಾವುದೇ ಕೆಲಸಕ್ಕೆ ಕೈ ಹಾಕುವ ಮುನ್ನ ಗೋಡೆಯ ಪ್ಲಗ್ ಕಿತ್ತಿಡಿ. ಪೆಟ್ಟಿಗೆಯ ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಉಳಿದ ಕರೆಂಟ್ ಹೋಗುವಂತೆ ಮಾಡಿ. ಪೆಟ್ಟಿಗೆಯ ಒಳಗಿನ ಬಣ್ಣವಿಲ್ಲದ ಲೋಹದ ಭಾಗವನ್ನೊಮ್ಮೆ ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ತನ್ನೂ ಕಳೆದುಕೊಳ್ಳಿ.

ಪ್ರೊಸೆಸರ್‌ನ ಪಕ್ಕದಲ್ಲಿ ನಾಲ್ಕು ಅಥವಾ ಎಂಟು ತೂತುಗಳ ಒಂದು ಪ್ರತ್ಯೇಕ ವಯರ್ ಜೋಡಣೆ ಇರುತ್ತದೆ. ಪ್ರೊಸೆಸರ್‌ಗೆ ಕರೆಂಟ್ ಬರುವುದು ಅದರಿಂದ. ಕೂಲರ್ ಬಿಚ್ಚುವಾಗ ಅಡ್ಡ ಬಂತೆಂದು ತೆಗೆದು ಮತ್ತೆ ಹಾಕಲು ಮರೆಯುವುದು ಸಾಮಾನ್ಯ. ಆಗ ಫ್ಯಾನ್‌ಗಳು ತಿರುಗುತ್ತವೆ, ಬೇರೇನೂ ಆಗುವುದಿಲ್ಲ. ರ‍್ಯಾಮ್ ಪಟ್ಟಿಗಳನ್ನು ತೆಗೆದು ಒಂದನ್ನು ಮಾತ್ರ ಹಾಕಿ ನೋಡಿ. ಬೋರ್ಡ್‌ನ ನಾಣ್ಯದಂತಹ ಬ್ಯಾಟರಿಯನ್ನು ಐದು ನಿಮಿಷ ತೆಗೆದಿಟ್ಟು ಮತ್ತೆ ಹಾಕಿದರೆ ಹಳೆಯ ಸೆಟ್ಟಿಂಗ್‌ಗಳು ಅಳಿದುಹೋಗುತ್ತವೆ. ಅದು ಸಿಆರ್2032 ಎಂಬ ಮೂರು ವೋಲ್ಟಿನ ಸೆಲ್. ಹಳೆಯ ಕಂಪ್ಯೂಟರ್ ಆದರೆ ಹೊಸ ಸೆಲ್ಲನ್ನೇ ಹಾಕುವುದು ಒಳ್ಳೆಯದು.

ಇಷ್ಟಕ್ಕೂ ಜಗ್ಗದಿದ್ದರೆ ಪ್ರೊಸೆಸರನ್ನು ಎತ್ತಿ ಸಾಕೆಟ್ ನೋಡಬೇಕು. ಎಲ್‌ಜಿಎ ಸಾಕೆಟ್‌ನಲ್ಲಿ ಪಿನ್ನುಗಳಿರುವುದು ಬೋರ್ಡ್‌ನಲ್ಲಿ, ಕೂದಲೆಳೆಯಷ್ಟು ಸೂಕ್ಷ್ಮ. ಮೊಬೈಲ್‌ನ ಟಾರ್ಚನ್ನು ಓರೆಯಾಗಿ ಹಿಡಿದರೆ ಸಾಲುಗಳು ಒಂದೇ ಸಮನಾಗಿ ಹೊಳೆಯಬೇಕು. ಒಂದು ಕಡೆ ಹೊಳಪು ತಪ್ಪಿದರೆ ಅಲ್ಲಿ ಪಿನ್ ಬಾಗಿದೆ ಎಂದರ್ಥ. 8 ಜಿಬಿ ರ‍್ಯಾಮ್ ಇದ್ದು 4 ಜಿಬಿ ಮಾತ್ರ ಕಾಣಿಸುತ್ತಿದ್ದರೂ ಕೆಲವೊಮ್ಮೆ ಇದೇ ಕಾರಣ. ರ‍್ಯಾಮ್ ಜೊತೆ ಮಾತಾಡುವುದೂ ಪ್ರೊಸೆಸರೇ ಅಲ್ಲವೇ? ಬಾಗಿದ ಪಿನ್ನನ್ನು ಹೊಲಿಗೆ ಸೂಜಿಯಿಂದ ನೆಟ್ಟಗೆ ಮಾಡಲು ಹೋಗಬೇಡಿ. ಮೊಬೈಲ್ ರಿಪೇರಿ ಮಾಡುವವರಲ್ಲಿ ಸೂಕ್ಷ್ಮದರ್ಶಕ ಇರುತ್ತದೆ, ಕೈಯೂ ಪಳಗಿರುತ್ತದೆ. ಕಂಪ್ಯೂಟರ್ ಅಂಗಡಿಗಿಂತ ಅವರೇ ಈ ಕೆಲಸಕ್ಕೆ ವಾಸಿ ಎಂಬುದು ನನ್ನ ಅನಿಸಿಕೆ. ಎಎಂಡಿಯ ಎಎಂ4 ಪ್ರೊಸೆಸರ್‌ಗಳಲ್ಲಿ ಪಿನ್ನುಗಳಿರುವುದು ಪ್ರೊಸೆಸರ್‌ನ ಅಡಿಯಲ್ಲೇ. ಒಣಗಿದ ಪೇಸ್ಟ್ ಗಟ್ಟಿಯಾಗಿ ಹಿಡಿದಿದ್ದರೆ ಕೂಲರ್ ಎತ್ತುವಾಗ ಪ್ರೊಸೆಸರ್ ಕೂಡಾ ಕಿತ್ತು ಬರುತ್ತದೆ, ಪಿನ್ ಬಾಗುತ್ತದೆ. ಕಂಪ್ಯೂಟರನ್ನು ಸ್ವಲ್ಪ ಹೊತ್ತು ಓಡಿಸಿ, ಬಿಸಿಯಾದ ಮೇಲೆ ಆಫ್ ಮಾಡಿ ಪ್ಲಗ್ ಕಿತ್ತು, ಕೂಲರನ್ನು ಎಡಬಲಕ್ಕೆ ನಿಧಾನವಾಗಿ ತಿರುಚಿ ತೆಗೆಯಬೇಕು.

ಪರದೆ ಬಂದು ಐದು ನಿಮಿಷದಲ್ಲಿ ತಾನಾಗಿಯೇ ಆಫ್ ಆಗುತ್ತಿದ್ದರೆ ಕೂಲರ್ ಸರಿಯಾಗಿ ಕೂತಿಲ್ಲ. ಇಂಟೆಲ್ ಕೂಲರ್‌ನ ನಾಲ್ಕು ಕಾಲುಗಳೂ ಟಕ್ ಎಂದು ಕಚ್ಚಿಕೊಳ್ಳಬೇಕು, ಕರ್ಣರೇಖೆಯಂತೆ ಎದುರುಬದುರಿನ ಕಾಲುಗಳನ್ನು ಒಟ್ಟಿಗೆ ಒತ್ತಬೇಕು. ಹಳೆಯ ಪೇಸ್ಟನ್ನು ಒರೆಸಿ ತೊಗರಿಕಾಳಿನಷ್ಟು ಹೊಸ ಪೇಸ್ಟ್ ಹಾಕಿದರೆ ಸಾಕು, ಬೆಣ್ಣೆಯಂತೆ ಬಳಿಯಬೇಕಾಗಿಲ್ಲ. ಐ5-8400ರಂತಹ ಪ್ರೊಸೆಸರ್‌ಗೆ 100 ಡಿಗ್ರಿ ಸೆಲ್ಸಿಯಸ್ ಗಡಿ. ಆ ಮಟ್ಟ ಮುಟ್ಟಿದರೆ ಅದು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ, ಆಗಲೂ ಬಿಸಿ ಇಳಿಯದಿದ್ದರೆ ಆಫ್ ಆಗಿಬಿಡುತ್ತದೆ.

'ವೈ' ಒತ್ತುವ ಮೊದಲು

ಎಎಂಡಿ ಬೋರ್ಡ್‌ಗಳಲ್ಲಿ ಪ್ರೊಸೆಸರ್ ಬದಲಿಸಿ ಆನ್ ಮಾಡಿದಾಗ ಕೆಲವೊಮ್ಮೆ ಕಪ್ಪು ಪರದೆಯಲ್ಲಿ ಬಿಳಿ ಅಕ್ಷರದ ಒಂದು ಪ್ರಶ್ನೆ ಬರುತ್ತದೆ. ಹೊಸ ಪ್ರೊಸೆಸರ್ ಹಾಕಲಾಗಿದೆ, ಎಫ್‌ಟಿಪಿಎಂ ಅನ್ನು ಹೊಸದಾಗಿ ಆರಂಭಿಸಲು 'ವೈ' ಒತ್ತಿ, ಬೇಡದಿದ್ದರೆ 'ಎನ್' ಒತ್ತಿ ಎಂಬರ್ಥದ ಇಂಗ್ಲಿಷ್ ಸಾಲುಗಳವು. ಓದದೆಯೇ 'ವೈ' ಒತ್ತುವವರಿದ್ದಾರೆ. ನಿಮ್ಮ ಡಿಸ್ಕ್‌ಗೆ ಬಿಟ್‌ಲಾಕರ್ ಎಂಬ ಬೀಗ ಬಿದ್ದಿದ್ದರೆ, ಆ ಬೀಗದ ಕೀಲಿಕೈ ಇರುವುದು ಆ ಎಫ್‌ಟಿಪಿಎಂನಲ್ಲೇ. ಅದನ್ನು ಅಳಿಸಿದ ಮೇಲೆ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದು ಇಲ್ಲದಿದ್ದರೆ ಮದುವೆಯ ವೀಡಿಯೊ ಡಿಸ್ಕ್‌ನೊಳಗೇ ಇದ್ದರೂ ತೆರೆಯಲಾಗದು. ಇಂಟೆಲ್ ಕಂಪ್ಯೂಟರ್‌ಗಳಲ್ಲೂ ಬಯೋಸ್ ಅಥವಾ ಪ್ರೊಸೆಸರ್ ಬದಲಾದಾಗ ಈ ಕೀ ಕೇಳುವ ಸಾಧ್ಯತೆ ಇದೆ. ಆದ್ದರಿಂದ ಪೆಟ್ಟಿಗೆ ಬಿಚ್ಚುವ ಮೊದಲೇ ಆ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುವವರಿಗೆ ಸಾಮಾನ್ಯವಾಗಿ ಅದು ಆ ಖಾತೆಯಲ್ಲೇ ಸಿಗುತ್ತದೆ. ಕೀ ಕೈಯಲ್ಲಿಲ್ಲದೆ ಪ್ರಶ್ನೆ ಎದುರಾದರೆ 'ಎನ್' ಒತ್ತಿ, ಹಳೆಯ ಪ್ರೊಸೆಸರನ್ನು ಮರಳಿ ಹಾಕಿ, ಕೀ ಪಡೆದುಕೊಂಡು ಮುಂದುವರಿಯಿರಿ. ಹಳೆಯ ಪ್ರೊಸೆಸರ್ ಇರಲಿ ಎಂದದ್ದು ಇದಕ್ಕೂ ಆಗುತ್ತದೆ.

ಮನೆಯಲ್ಲಿ ಸಾಧ್ಯವಾಗದೆ ಕಂಪ್ಯೂಟರನ್ನು ಅಂಗಡಿಗೆ ಕೊಡುವಾಗ ಹೆಚ್ಚಿನವರು ಗಮನಿಸದ ಒಂದು ವಿಷಯವಿದೆ. ಪರದೆ ಬರುತ್ತಿಲ್ಲ ಎಂಬ ದೋಷವನ್ನು ಪರೀಕ್ಷಿಸಲು ಹಾರ್ಡ್ ಡಿಸ್ಕ್‌ನ ಅಗತ್ಯವೇ ಇಲ್ಲ. ಡಿಸ್ಕ್ ಇಲ್ಲದೆಯೂ ಬೋರ್ಡ್, ಪ್ರೊಸೆಸರ್, ರ‍್ಯಾಮ್ ಸರಿಯಿದ್ದರೆ ಬಯೋಸ್‌ನ ಪರದೆ ಕಾಣಿಸಲೇಬೇಕು. ಹಾಗಿದ್ದ ಮೇಲೆ ಮನೆಯ ಹೆಣ್ಣುಮಕ್ಕಳ ಫೋಟೋಗಳು, ಬ್ಯಾಂಕಿನ ಕಾಗದಗಳು, ಆಧಾರ್ ಪ್ರತಿಗಳು ತುಂಬಿರುವ ಡಿಸ್ಕನ್ನು ಅಪರಿಚಿತರ ಮೇಜಿನ ಮೇಲೆ ನಾಲ್ಕು ದಿನ ಯಾಕೆ ಬಿಟ್ಟುಬರಬೇಕು? ಅದಕ್ಕೆ ಇರುವುದು ಎರಡೇ ಕೇಬಲ್, ನಾಲ್ಕು ಸ್ಕ್ರೂ. ಮನೆಯಲ್ಲೇ ಬಿಚ್ಚಿಟ್ಟು ಹೋಗಿ. ಹೊಸ ಮಾದರಿಯ ಎಂ.2 ಎಸ್‌ಎಸ್‌ಡಿ ಆದರೆ ಒಂದೇ ಸ್ಕ್ರೂ. "ಡಿಸ್ಕ್ ಇಲ್ಲದೆ ಚೆಕ್ ಮಾಡೋಕೆ ಆಗಲ್ಲ ಮೇಡಂ" ಎಂದರೆ, "ಬಯೋಸ್ ತನಕ ಬಂದರೆ ಸಾಕು, ಉಳಿದದ್ದು ಆಮೇಲೆ ನೋಡೋಣ" ಎಂದು ಹೇಳಿ. ಗಂಡಸರು ಊರಲ್ಲಿಲ್ಲದ ಮನೆಗಳಲ್ಲಿ ಅಂಗಡಿಯವರೊಂದಿಗೆ ಮಾತಾಡಬೇಕಾದವರು ನಾವೇ ಎಂದು ಸಹೋದ್ಯೋಗಿ ಹೇಳುತ್ತಿದ್ದರು. ಈ ಒಂದು ವಾಕ್ಯ ಗೊತ್ತಿದ್ದರೆ ಎದುರಿನವರ ಮಾತಿನ ಧಾಟಿಯೇ ಬದಲಾಗುತ್ತದೆಯಂತೆ.

ಇನ್ನು ಎಚ್110 ಬೋರ್ಡ್ ಇಟ್ಟುಕೊಂಡವರು ಏನು ಮಾಡಬೇಕು? ಅದೇ ಬೋರ್ಡ್‌ನಲ್ಲಿ ಐ5-6500, ಬಯೋಸ್ ಹೊಸದಾದರೆ ಐ5-7500 ಅಥವಾ ಐ7-7700 ತನಕ ಹೋಗಬಹುದು. ಆದರೆ ಇವು ಯಾವುವೂ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ವಿಂಡೋಸ್ 11ಕ್ಕಾಗಿಯೇ ಹಣ ಹಾಕುವುದಾದರೆ ಬೋರ್ಡ್ ಮತ್ತು ಪ್ರೊಸೆಸರ್ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಕೆಲವು ಎಚ್110 ಬೋರ್ಡ್‌ಗಳಲ್ಲಿ ಇರುವುದು ಡಿಡಿಆರ್3 ರ‍್ಯಾಮ್, ಅದು ಡಿಡಿಆರ್4 ಬೋರ್ಡ್‌ನಲ್ಲಿ ಕೂರುವುದೇ ಇಲ್ಲ. ಆ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ಮಕ್ಕಳ ಪ್ರಾಜೆಕ್ಟ್, ಟೈಪಿಂಗ್, ಇಂಟರ್‌ನೆಟ್ ಇಷ್ಟೇ ಸಾಕಾದರೆ ಹಳೆಯ ಹಾರ್ಡ್ ಡಿಸ್ಕ್‌ನ ಜಾಗಕ್ಕೆ ಎಸ್‌ಎಸ್‌ಡಿ ಹಾಕಿ, ಉಬುಂಟುವಿನಂತಹ ಉಚಿತ ಲಿನಕ್ಸ್ ಅಳವಡಿಸಿಕೊಳ್ಳುವುದು ಮೇಲು. ಕಂಪ್ಯೂಟರ್ ತೆವಳುತ್ತಿದೆ ಎಂದು ದೂರುವ ಬಹಳಷ್ಟು ಮನೆಗಳಲ್ಲಿ ತಪ್ಪು ಪ್ರೊಸೆಸರ್‌ನದಲ್ಲ, ಆ ಹಳೆಯ ತಿರುಗುವ ಡಿಸ್ಕ್‌ನದು. ಸಹೋದ್ಯೋಗಿಯ ಮನೆಯಲ್ಲೂ ಕೊನೆಗೆ ಹಾಗೆಯೇ ಮಾಡಿದರು. ಐ5-8400ನ್ನು ಅಂಗಡಿಗೆ ಹಿಂದಿರುಗಿಸಿ ಅದೇ ಹಣದಲ್ಲಿ ಎಸ್‌ಎಸ್‌ಡಿ ತಂದರು.

ಹಿಂದಿರುಗಿಸಲು ಸಾಧ್ಯವಾದದ್ದು ಬಿಲ್ ಇದ್ದುದರಿಂದ. ಸೆಕೆಂಡ್ ಹ್ಯಾಂಡ್ ಪ್ರೊಸೆಸರ್‌ಗೆ ಸಾಮಾನ್ಯವಾಗಿ ಕಂಪೆನಿಯ ವಾರಂಟಿ ಸಿಗುವುದಿಲ್ಲ, ಅಂಗಡಿಯವರು ಬರೆದುಕೊಟ್ಟದ್ದೇ ವಾರಂಟಿ. ಆದ್ದರಿಂದ ಬಿಲ್ಲಿನಲ್ಲಿ ಪ್ರೊಸೆಸರ್‌ನ ಪೂರ್ತಿ ಹೆಸರು, ಅದರ ಲೋಹದ ಮುಚ್ಚಳದ ಮೇಲೆ ಕೆತ್ತಿರುವ ಸಂಖ್ಯೆ ಮತ್ತು ನಮ್ಮ ಬೋರ್ಡ್‌ನ ಮಾದರಿ, ಈ ಮೂರನ್ನೂ ಬರೆಸಿಕೊಳ್ಳಬೇಕು. "ಈ ಬೋರ್ಡ್‌ಗೆ ಹೊಂದದಿದ್ದರೆ ಇಷ್ಟು ದಿನದೊಳಗೆ ವಾಪಸ್" ಎಂಬ ಸಾಲನ್ನೂ ಸೇರಿಸಿ ಸಹಿ ಹಾಕಿಸಿ. ಬರೆದುಕೊಡಲು ಹಿಂದೇಟು ಹಾಕುವ ಅಂಗಡಿಯಾದರೆ ಪಕ್ಕದ ಅಂಗಡಿಗೆ ಹೋಗಿ.